ತುಮಕೂರಿನ ಸಣ್ಣ ವ್ಯಾಪಾರಕ್ಕೆ ಗೂಗಲ್‌ನಲ್ಲಿ ಯಾವ ದಾರಿ? ನಕ್ಷೆ, ವೆಬ್‌ಸೈಟ್, ಜಾಹೀರಾತು, ಏಜೆನ್ಸಿಗಳ ಹೋಲಿಕೆ

ತುಮಕೂರಿನ ಬಿ.ಎಚ್. ರಸ್ತೆಯಲ್ಲೋ ಅಶೋಕ ರಸ್ತೆಯಲ್ಲೋ ಅಂಗಡಿ ಇಟ್ಟುಕೊಂಡವರಿಗೆ, ಅಂತರಸನಹಳ್ಳಿಯಲ್ಲಿ ಸಣ್ಣ ಘಟಕ ನಡೆಸುವವರಿಗೆ ಈಗ ಒಂದೇ ಬಗೆಯ ಕರೆಗಳು ಆಗಾಗ ಬರುತ್ತಿರುತ್ತವೆ: ‘ನಿಮ್ಮ ವ್ಯಾಪಾರವನ್ನು ಗೂಗಲ್‌ನ ಮೊದಲ ಪುಟಕ್ಕೆ ತಂದುಕೊಡುತ್ತೇವೆ, ತಿಂಗಳಿಗೆ ಇಷ್ಟು ಕೊಟ್ಟರೆ ಸಾಕು.’ ಹೀಗೆ ಕರೆ ಮಾಡುವವರಲ್ಲಿ ಒಬ್ಬರು ಮಾರುವುದು ವೆಬ್‌ಸೈಟ್, ಇನ್ನೊಬ್ಬರು ಮಾರುವುದು ಜಾಹೀರಾತು, ಮತ್ತೊಬ್ಬರು ಮಾರುವುದು ನಕ್ಷೆಯಲ್ಲಿ ಪುಕ್ಕಟೆಯಾಗಿಯೇ ಸಿಗುವ ಒಂದು ಖಾತೆ. ಎಲ್ಲರೂ ಅದನ್ನು ಎಸ್‌ಇಒ, ಅಂದರೆ ಜಾಹೀರಾತಲ್ಲದ ಫಲಿತಾಂಶಗಳಲ್ಲಿ ಮೇಲೆ ಕಾಣುವಂತೆ ಮಾಡುವ ಕೆಲಸ, ಎಂದೇ ಕರೆಯುತ್ತಾರೆ. ಹಾಗಾಗಿ ದರಗಳನ್ನು ಹೋಲಿಸುವ ಮೊದಲು ವಸ್ತುಗಳನ್ನೇ ಹೋಲಿಸಬೇಕಾಗುತ್ತದೆ, ಮತ್ತು ಆ ಹೋಲಿಕೆಗೆ ಅಳತೆಗೋಲು ಒಂದೇ: ನಿಮ್ಮ ಗ್ರಾಹಕರು ಹುಡುಕುವ ಹೊತ್ತಿನಲ್ಲಿ ಎಲ್ಲಿರುತ್ತಾರೆ, ಹುಡುಕಿದ ಮೇಲೆ ಏನು ಮಾಡುತ್ತಾರೆ?

ಈ ಬರಹದ ಉದ್ದಕ್ಕೂ ಮೂರು ಬಗೆಯ ವ್ಯಾಪಾರಗಳನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಮೊದಲನೆಯದು ಕ್ಯಾತಸಂದ್ರದ ಬಳಿ ಹೆದ್ದಾರಿಯ ಪಕ್ಕದಲ್ಲಿರುವ ತಟ್ಟೆ ಇಡ್ಲಿ ಹೋಟೆಲು. ಅದರ ಗ್ರಾಹಕರು ಕಾರಿನಲ್ಲಿ ಕುಳಿತೇ ಫೋನು ತೆಗೆಯುತ್ತಾರೆ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತಾರೆ. ಎರಡನೆಯದು ತಿಪಟೂರಿನಲ್ಲಿ ಮರದ ಗಾಣ ಇಟ್ಟುಕೊಂಡು ಕೊಬ್ಬರಿ ಎಣ್ಣೆ ಮಾರುವ ಮನೆ. ಅದರ ಗ್ರಾಹಕರು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುತ್ತಾರೆ, ಅಂಗಡಿಗೆ ಎಂದೂ ಬರುವುದಿಲ್ಲ. ಮೂರನೆಯದು ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಮೆಷಿನ್ ಶಾಪ್. ಅದಕ್ಕೆ ವರ್ಷಕ್ಕೆ ನಾಲ್ಕೈದು ಹೊಸ ಗ್ರಾಹಕರು ಸಿಕ್ಕರೂ ಸಾಕು, ಆದರೆ ಆ ಗ್ರಾಹಕರು ನಕ್ಷೆ ನೋಡಿ ಬರುವವರಲ್ಲ, ಯಂತ್ರಗಳ ಪಟ್ಟಿ ಓದಿ ಕರೆ ಮಾಡುವವರು. ಈ ಮೂವರಿಗೂ ಒಂದೇ ಪ್ಯಾಕೇಜು ಮಾರುವವರು ಇಬ್ಬರಿಗಾದರೂ ನಷ್ಟ ಮಾಡುತ್ತಾರೆ.

ನಕ್ಷೆಯಲ್ಲಿನ ಖಾತೆ

ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಈಗ ಕರೆಯುವ ಖಾತೆ 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಬಂದಿತ್ತು. ಈಗಿನ ಹೆಸರು ಬಂದದ್ದು 2021ರಲ್ಲಿ. ಇದಕ್ಕೆ ಗೂಗಲ್‌ಗೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ‘ಹತ್ತಿರದ ಹೋಟೆಲ್’, ‘ದಂತ ವೈದ್ಯರು ತುಮಕೂರು’ ಎಂದು ಹುಡುಕಿದಾಗ ನಕ್ಷೆಯ ಜೊತೆಗೆ ಮೇಲ್ಗಡೆ ಕಾಣುವ ಹೆಸರುಗಳು ಈ ಖಾತೆಗಳಿಂದಲೇ ಬರುತ್ತವೆ. ಅವುಗಳ ಕ್ರಮವನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ ಎಂದು ಗೂಗಲ್ ತಾನೇ ಹೇಳಿದೆ: ಹುಡುಕಿದ ವಿಷಯಕ್ಕೂ ನಿಮ್ಮ ವ್ಯಾಪಾರಕ್ಕೂ ಇರುವ ಹೊಂದಿಕೆ, ಹುಡುಕುವವರಿಂದ ನಿಮಗಿರುವ ದೂರ, ಮತ್ತು ನಿಮ್ಮ ವ್ಯಾಪಾರ ಎಷ್ಟರ ಮಟ್ಟಿಗೆ ಹೆಸರಾಗಿದೆ ಎಂಬುದು. ಇವುಗಳಲ್ಲಿ ದೂರವನ್ನು ಯಾವ ಏಜೆನ್ಸಿಯೂ ಬದಲಿಸಲಾರದು. ಬಟವಾಡಿಯಲ್ಲಿ ನಿಂತು ಹುಡುಕುವವರಿಗೂ ಎಸ್.ಎಸ್. ಪುರಂನಲ್ಲಿ ನಿಂತು ಹುಡುಕುವವರಿಗೂ ಬೇರೆ ಬೇರೆ ಹೆಸರುಗಳು ಕಾಣುವುದು ಸಹಜ. ಆದ್ದರಿಂದ ‘ತುಮಕೂರಿಗೆಲ್ಲ ನಂಬರ್ ಒನ್ ಮಾಡುತ್ತೇವೆ’ ಎಂಬ ಮಾತಿಗೆ ನಕ್ಷೆಯ ಮಟ್ಟಿಗೆ ಅರ್ಥವೇ ಇಲ್ಲ.

ಉಳಿದ ಎರಡು ಸಂಗತಿಗಳು ಮಾಲೀಕರ ಕೈಯಲ್ಲೇ ಇವೆ. ಹೊಂದಿಕೆಗೆ ಮುಖ್ಯವಾದದ್ದು ವರ್ಗ, ಅಂದರೆ ಕೆಟಗರಿ. ಒಂದು ಪ್ರಧಾನ ವರ್ಗವನ್ನೂ, ಅದರ ಜೊತೆಗೆ ಒಂಬತ್ತರವರೆಗೆ ಇತರ ವರ್ಗಗಳನ್ನೂ ಆರಿಸಿಕೊಳ್ಳಬಹುದು. ದ್ವಿಚಕ್ರ ವಾಹನ ರಿಪೇರಿ ಮಾಡುವವರು ಪ್ರಧಾನ ವರ್ಗದಲ್ಲಿ ಬಿಡಿಭಾಗಗಳ ಅಂಗಡಿ ಎಂದು ತುಂಬಿದರೆ, ರಸ್ತೆಯಲ್ಲಿ ಬೈಕು ನಿಂತವರು ಮಾಡುವ ಹುಡುಕಾಟದಲ್ಲಿ ಅವರು ಹಿಂದೆ ಬೀಳುತ್ತಾರೆ. ಬಾಗಿಲು ತೆರೆಯುವ ವೇಳೆ, ವಾರದ ರಜೆ, ಹಬ್ಬದ ದಿನಗಳ ಬದಲಾದ ವೇಳೆ, ಈಗ ಬಳಕೆಯಲ್ಲಿರುವ ಫೋನ್ ಸಂಖ್ಯೆ, ಅಂಗಡಿಯ ಮುಂಭಾಗ ಸ್ಪಷ್ಟವಾಗಿ ಕಾಣುವ ಚಿತ್ರ, ನಕ್ಷೆಯ ಗುರುತು ಸರಿಯಾದ ಬಾಗಿಲಿನ ಮೇಲೆಯೇ ಇರುವುದು, ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಖಾತೆಯನ್ನು ದೃಢೀಕರಿಸಲು ಈಗ ಹೆಚ್ಚಾಗಿ ಅಂಗಡಿಯ ವಿಡಿಯೊ ಕೇಳುತ್ತಾರೆ; ಬೋರ್ಡು, ಸುತ್ತಲಿನ ರಸ್ತೆ, ಒಳಗಿನ ಸಾಮಾನು ಅಥವಾ ಉಪಕರಣಗಳನ್ನು ಒಂದೇ ಓಟದಲ್ಲಿ ಚಿತ್ರೀಕರಿಸಿ ಕೊಟ್ಟರೆ ಸಾಮಾನ್ಯವಾಗಿ ಕೆಲಸ ಮುಗಿಯುತ್ತದೆ.

ಇಲ್ಲಿ ಎಲ್ಲರನ್ನೂ ಸೆಳೆಯುವ ಒಂದು ಅಡ್ಡದಾರಿಯಿದೆ. ಅಂಗಡಿಯ ಹೆಸರಿನ ಜಾಗದಲ್ಲಿ ಹೆಸರಿನ ಜೊತೆಗೆ ‘ತುಮಕೂರಿನ ಅತ್ಯುತ್ತಮ ತಟ್ಟೆ ಇಡ್ಲಿ, ಹೋಟೆಲ್, ಕ್ಯಾಟರಿಂಗ್’ ಎಂದೆಲ್ಲ ತುಂಬುವುದು. ಬೋರ್ಡಿನ ಮೇಲಿಲ್ಲದ ಪದಗಳನ್ನು ಹೆಸರಿಗೆ ಸೇರಿಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ, ಮತ್ತು ಅದಕ್ಕಾಗಿ ಖಾತೆಯೇ ಅಮಾನತಾಗಬಹುದು. ರಿವ್ಯೂ ಬರೆದವರಿಗೆ ರಿಯಾಯಿತಿ ಕೊಡುವುದೂ ಹೀಗೆಯೇ ನಿಷಿದ್ಧ. ಬಿಲ್ಲು ಕೊಡುವಾಗ ‘ಸಮಯವಿದ್ದರೆ ಒಂದು ರಿವ್ಯೂ ಬರೆಯಿರಿ’ ಎಂದು ಎಲ್ಲ ಗ್ರಾಹಕರನ್ನೂ ಒಂದೇ ರೀತಿಯಲ್ಲಿ ಕೇಳಿ, ಬಂದ ದೂರಿಗೆ ಸಮಾಧಾನವಾಗಿ ಉತ್ತರ ಬರೆಯುವುದು ನಿಧಾನವಾದ ದಾರಿಯಾದರೂ ಕಟ್ಟಿದ ಹೆಸರು ಉಳಿಯುವುದು ಅದರಿಂದಲೇ.

ಮನೆಗೇ ಹೋಗಿ ಕೆಲಸ ಮಾಡಿಕೊಡುವ ಎಲೆಕ್ಟ್ರಿಷಿಯನ್, ಬೋರ್‌ವೆಲ್ ಮೋಟರ್ ರಿಪೇರಿಯವರು, ಆರ್‌ಒ ಫಿಲ್ಟರ್ ಸರ್ವಿಸ್‌ನವರಿಗೂ ಇದೇ ಖಾತೆ ಸಾಕು. ಅವರು ವಿಳಾಸವನ್ನು ಮರೆಮಾಡಿ, ತಾವು ಹೋಗಿಬರುವ ಪ್ರದೇಶಗಳನ್ನು ಇಪ್ಪತ್ತರವರೆಗೆ ನಮೂದಿಸಬಹುದು. ಗುಬ್ಬಿ, ಕುಣಿಗಲ್, ಸಿರಾ ಎಂದು ಬರೆದ ಮಾತ್ರಕ್ಕೆ ಆ ಊರುಗಳಲ್ಲಿ ಮೇಲೆ ಬಂದುಬಿಡುವುದಿಲ್ಲ ಎಂಬುದು ಮಾತ್ರ ನೆನಪಿರಲಿ.

ನನ್ನ ತೀರ್ಮಾನ ಸ್ಪಷ್ಟವಾಗಿದೆ: ಗ್ರಾಹಕರು ನಡೆದೋ ಗಾಡಿಯಲ್ಲೋ ಬಾಗಿಲಿಗೆ ಬರುವ ವ್ಯಾಪಾರವಾದರೆ, ನಕ್ಷೆಯ ಖಾತೆಯನ್ನು ಪೂರ್ತಿಯಾಗಿ ಸರಿಪಡಿಸಿಕೊಳ್ಳುವವರೆಗೆ ವೆಬ್‌ಸೈಟಿಗೆ ಹಣ ಹಾಕಬೇಡಿ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಈ ಖಾತೆಯ ಮೂಲಕವೇ ಗೂಗಲ್ ಕೊಡುತ್ತಿದ್ದ ಪುಕ್ಕಟೆ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಲಾಯಿತು. ವಿಸಿಟಿಂಗ್ ಕಾರ್ಡಿನಲ್ಲೂ ಬೋರ್ಡಿನಲ್ಲೂ ಆ ವಿಳಾಸವನ್ನೇ ಅಚ್ಚು ಹಾಕಿಸಿದ್ದವರ ಪಾಲಿಗೆ ಆ ವಿಳಾಸ ಕೆಲಸಕ್ಕೆ ಬಾರದಾಯಿತು. ಇನ್ನೊಬ್ಬರ ಜಾಗದಲ್ಲಿ ಕಟ್ಟಿದ್ದು ಎಂದಿದ್ದರೂ ಅವರ ಇಚ್ಛೆಗೆ ಒಳಪಟ್ಟದ್ದು.

ಸ್ವಂತ ವೆಬ್‌ಸೈಟ್

ಗಾಣದ ಎಣ್ಣೆಯವರಿಗೂ ಮೆಷಿನ್ ಶಾಪಿನವರಿಗೂ ಲೆಕ್ಕ ತಿರುಗಿ ಬೀಳುತ್ತದೆ. ಅವರ ಗ್ರಾಹಕರು ದೂರದಲ್ಲಿದ್ದಾರೆ. ಆದ್ದರಿಂದ ನಕ್ಷೆಯಲ್ಲಿನ ದೂರದ ಲೆಕ್ಕ ಅವರಿಗೆ ಅನುಕೂಲವಲ್ಲ. ಅವರಿಗೆ ಬೇಕಾದದ್ದು, ಹುಡುಕುವವರು ಓದಿ ನಂಬುವಂಥ ಪುಟಗಳು.

ಒಂದು ಪುಟವನ್ನು ಹತ್ತಿರದಿಂದ ನೋಡೋಣ. ಗಾಣದ ಎಣ್ಣೆಯ ಸೈಟೊಂದರ ಮೊದಲ ಪುಟದ ಶೀರ್ಷಿಕೆ, ಅಂದರೆ ಹುಡುಕಾಟದ ಫಲಿತಾಂಶದಲ್ಲಿ ನೀಲಿ ಅಕ್ಷರಗಳಲ್ಲಿ ಕಾಣುವ ಸಾಲು, ‘ಹೋಮ್’ ಎಂದಷ್ಟೇ ಇರುತ್ತದೆ ಎಂದುಕೊಳ್ಳಿ. ಒಳಗೆ ದೊಡ್ಡದೊಂದು ಚಿತ್ರ, ಅದರ ಮೇಲೆ ‘ಶುದ್ಧತೆಯೇ ನಮ್ಮ ಧ್ಯೇಯ’ ಎಂಬ ಸಾಲು, ಕೆಳಗೆ ಒಂದು ಫೋನ್ ಸಂಖ್ಯೆ. ಇಷ್ಟು ಮಾತ್ರವಿದ್ದರೆ ಅಲ್ಲಿ ಎಣ್ಣೆ ಸಿಗುತ್ತದೆಯೆಂದು ಗೂಗಲ್‌ಗಾಗಲಿ ಓದುಗರಿಗಾಗಲಿ ತಿಳಿಯುವುದಾದರೂ ಹೇಗೆ? ಅದೇ ಶೀರ್ಷಿಕೆಯನ್ನು ‘ತಿಪಟೂರಿನ ಮರದ ಗಾಣದ ಕೊಬ್ಬರಿ ಎಣ್ಣೆ: 1 ಲೀಟರ್, 5 ಲೀಟರ್ ದರ ಮತ್ತು ಕೊರಿಯರ್ ವಿವರ’ ಎಂದು ಬದಲಿಸಿ, ಕೊಬ್ಬರಿ ಎಲ್ಲಿಂದ ಬರುತ್ತದೆ, ಗಾಣದಲ್ಲಿ ಎಷ್ಟು ಹೊತ್ತು ಆಡಿಸುತ್ತಾರೆ, ಎಣ್ಣೆಯನ್ನು ತಿಳಿಯಾಗಲು ಎಷ್ಟು ದಿನ ಬಿಡುತ್ತಾರೆ, ಚಳಿಗಾಲದಲ್ಲಿ ಗಟ್ಟಿಯಾದರೆ ಏನು ಮಾಡಬೇಕು, ಬೆಂಗಳೂರಿಗೆ ಎಷ್ಟು ದಿನದಲ್ಲಿ ತಲುಪುತ್ತದೆ ಎಂಬುದನ್ನು ಮಾಲೀಕರು ಫೋನಿನಲ್ಲಿ ದಿನವೂ ಹೇಳುವ ಮಾತಿನಲ್ಲೇ ಬರೆದರೆ, ಎಸ್‌ಇಒ ಎಂದು ಮಾರಾಟವಾಗುವ ಕೆಲಸದಲ್ಲಿ ದೊಡ್ಡ ಪಾಲು ಮುಗಿದಂತೆ. ಅದನ್ನು ಬರೆಯಬಲ್ಲವರು ಗಾಣದವರೇ ಹೊರತು ಏಜೆನ್ಸಿಯವರಲ್ಲ.

ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದನ್ನೂ ಗ್ರಾಹಕರೇ ನಿರ್ಧರಿಸುತ್ತಾರೆ. ತಿಪಟೂರಿನ ಉಂಡೆ ಕೊಬ್ಬರಿಗೆ ಉತ್ತರ ಭಾರತದಲ್ಲಿ ದೊಡ್ಡ ಮಾರುಕಟ್ಟೆಯಿದೆ. ಅಲ್ಲಿನ ಸಗಟು ಖರೀದಿದಾರರಿಗಾಗಿ ಪುಟ ಮಾಡುವುದಾದರೆ ಅದು ಹಿಂದಿ ಮತ್ತು ಇಂಗ್ಲಿಷಿನಲ್ಲಿರಬೇಕು. ಕರ್ನಾಟಕದೊಳಗೆ ಎಣ್ಣೆ ಮಾರುವವರಿಗೆ ಕನ್ನಡದ ಪುಟ ಬೇಕೇ ಬೇಕು, ಏಕೆಂದರೆ ಫೋನಿಗೆ ಕನ್ನಡದಲ್ಲೇ ಮಾತನಾಡಿ ಹುಡುಕುವವರು ಈಗ ಎಲ್ಲ ಊರುಗಳಲ್ಲೂ ಇದ್ದಾರೆ. ಕನ್ನಡದ ವಿಚಾರದಲ್ಲಿ ಒಂದು ತೊಡಕು ಮತ್ತೆ ಮತ್ತೆ ಎದುರಾಗುತ್ತದೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕರಪತ್ರಕ್ಕೆಂದು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೆಯೇ ತಂದು ಸೈಟಿಗೆ ಅಂಟಿಸಿದರೆ, ಓದುಗರ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅದನ್ನು ತಪ್ಪಿಸಲು ಪಠ್ಯವನ್ನು ಚಿತ್ರ ಮಾಡಿ ಹಾಕಿದರೆ ಗೂಗಲ್ ಅದನ್ನು ಪಠ್ಯವೆಂದು ಓದುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಪಠ್ಯ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನುಗಳೂ ಓದಬಲ್ಲ ಅಕ್ಷರ ವ್ಯವಸ್ಥೆಯಲ್ಲಿ, ಇರಬೇಕು. ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ, ಆದರೆ ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಬೇಕು. ಊರಿನ ಹೆಸರಿನ ಬಗ್ಗೆ ಹೆಚ್ಚು ಚಿಂತೆ ಬೇಡ. 2014ರ ನವೆಂಬರ್ 1ರಂದು ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಗಿ Tumkur ಎಂಬುದು Tumakuru ಆದ ಮೇಲೂ ಹಳೆಯದನ್ನೇ ಟೈಪ್ ಮಾಡುವವರು ಬಹಳ ಮಂದಿಯಿದ್ದಾರೆ. ಎರಡೂ ಒಂದೇ ಊರೆಂದು ಗೂಗಲ್‌ಗೆ ಗೊತ್ತು. ಎರಡನ್ನೂ ಪುಟದ ತುಂಬ ತುರುಕುವುದರಿಂದ ಓದುಗರಿಗೆ ಕಿರಿಕಿರಿಯಾಗುತ್ತದೆಯೇ ಹೊರತು ಲಾಭವಿಲ್ಲ.

ತಾಂತ್ರಿಕ ಭಾಗದಲ್ಲಿ ಸಣ್ಣ ಸೈಟಿಗೆ ಬೇಕಾದದ್ದು ಕಡಿಮೆ. ಗೂಗಲ್ ಈಗ ಸೈಟುಗಳ ಮೊಬೈಲ್ ರೂಪವನ್ನೇ ಓದಿ ದಾಖಲಿಸುತ್ತದೆ, ಹಾಗಾಗಿ ಪುಟವನ್ನು ಮೊದಲು ಫೋನಿನಲ್ಲೇ ನೋಡಬೇಕು. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ತೆರೆದುಕೊಂಡರೆ ಅದು ಒಳ್ಳೆಯ ವೇಗ ಎಂಬುದು ಗೂಗಲ್‌ನದೇ ಮಾನದಂಡ. ಸಣ್ಣ ಸೈಟುಗಳು ನಿಧಾನವಾಗಲು ಹೆಚ್ಚಾಗಿ ಕಾರಣವಾಗುವುದು ಕ್ಯಾಮೆರಾದಿಂದ ನೇರವಾಗಿ ಹಾಕಿದ ನಾಲ್ಕೈದು ಎಂಬಿಯ ಚಿತ್ರಗಳು. ಅವನ್ನು ಇನ್ನೂರು ಕೆಬಿಯ ಆಸುಪಾಸಿಗೆ ಇಳಿಸಿದರೆ ಸಾಕು. ಕೀವರ್ಡ್ಸ್ ಮೆಟಾ ಟ್ಯಾಗ್, ಅಂದರೆ ಓದುಗರಿಗೆ ಕಾಣದಂತೆ ಪುಟದ ಕೋಡಿನಲ್ಲಿ ಬರೆಯುವ ಪದಪಟ್ಟಿ, ತುಂಬಿಕೊಡುತ್ತೇವೆಂದು ಯಾರಾದರೂ ದರಪಟ್ಟಿಯಲ್ಲಿ ಬರೆದಿದ್ದರೆ ಆ ಸಾಲನ್ನು ಹೊಡೆದುಹಾಕಿ. ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ತಿಳಿಸಿದೆ.

ಸೈಟಿಗೆ ಬೇಕಾಗುವುದು ತಾಳ್ಮೆ. ಮಾಡಿದ ಬದಲಾವಣೆಗಳ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ ಎಂದು ಗೂಗಲ್‌ನವರೇ ಹೇಳಿದ್ದಾರೆ. ಜೊತೆಗೆ, 2024ರ ಆಗಸ್ಟ್‌ನಿಂದ ಭಾರತದಲ್ಲೂ ಹಲವು ಪ್ರಶ್ನೆಗಳಿಗೆ ಫಲಿತಾಂಶಗಳ ಮೇಲ್ಗಡೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶ ಕಾಣಿಸಿಕೊಳ್ಳತೊಡಗಿದೆ. ‘ಕೊಬ್ಬರಿ ಎಣ್ಣೆಯ ಹತ್ತು ಉಪಯೋಗಗಳು’ ಎಂಬಂಥ ಸಾಮಾನ್ಯ ಲೇಖನಕ್ಕೆ ಬರಬೇಕಾದ ಓದುಗರು ಆ ಸಾರಾಂಶ ಓದಿಯೇ ತೃಪ್ತರಾಗಿ ಹೊರಟುಹೋಗಬಹುದು. ತಿಂಗಳಿಗೆ ಎಂಟು ಲೇಖನ ಬರೆದುಕೊಡುತ್ತೇವೆ ಎಂಬ ಪ್ಯಾಕೇಜಿಗಿಂತ, ನಿಮ್ಮಲ್ಲಿ ಮಾತ್ರ ಸಿಗುವ ದರ, ಅಳತೆ, ಸಾಗಣೆ, ವಿಳಾಸಗಳ ನಾಲ್ಕು ಪುಟಗಳು ಹೆಚ್ಚು ಬಾಳುತ್ತವೆ ಎಂಬುದು ನನ್ನ ಗಟ್ಟಿಯಾದ ನಂಬಿಕೆ. ಮೆಷಿನ್ ಶಾಪಿನವರಿಗೆ ಇದು ಇನ್ನೂ ನಿಜ: ಯಾವ ಯಂತ್ರಗಳಿವೆ, ಎಷ್ಟು ದೊಡ್ಡ ತುಂಡನ್ನು ಹಿಡಿಯಬಲ್ಲವು, ಎಷ್ಟು ಸೂಕ್ಷ್ಮತೆಯವರೆಗೆ ಮಾಡಿಕೊಡುತ್ತಾರೆ, ಯಾವ ಲೋಹಗಳಲ್ಲಿ ಕೆಲಸ ಮಾಡುತ್ತಾರೆ ಎಂಬ ಒಂದೇ ಪುಟ ಪರ್ಚೇಸ್ ವಿಭಾಗದವರನ್ನು ಫೋನಿನವರೆಗೆ ಕರೆತರುತ್ತದೆ.

ಜಾಹೀರಾತು

ಗೂಗಲ್ ಆ್ಯಡ್ಸ್‌ನ ಗುಣ ವೇಗ. ಹಣ ಹಾಕಿದ ದಿನವೇ ಕಾಣಿಸಿಕೊಳ್ಳಬಹುದು. ನಿಲ್ಲಿಸಿದ ದಿನವೇ ಮಾಯವಾಗುತ್ತದೆ. ಇದಕ್ಕೂ ಎಸ್‌ಇಒಗೂ ಸಂಬಂಧವಿಲ್ಲ: ಜಾಹೀರಾತಿಗೆ ಎಷ್ಟೇ ಖರ್ಚು ಮಾಡಿದರೂ ಸಹಜ, ಅಂದರೆ ಜಾಹೀರಾತಲ್ಲದ, ಫಲಿತಾಂಶದಲ್ಲಿ ಅದರಿಂದ ಒಂದು ಮೆಟ್ಟಿಲೂ ಮೇಲೇರುವುದಿಲ್ಲ.

ಖರ್ಚನ್ನು ಕ್ಲಿಕ್ಕಿನಲ್ಲಿ ಅಳೆಯದೆ ಗ್ರಾಹಕರಲ್ಲಿ ಅಳೆಯಬೇಕು. ಜಾಹೀರಾತನ್ನು ಯಾರಾದರೂ ಒತ್ತಿದಾಗಲೆಲ್ಲ, ಅಂದರೆ ಕ್ಲಿಕ್ಕಿಗೆ ಇಷ್ಟು ಎಂದು ಹಣ ಹೋಗುತ್ತದೆ; ಲೆಕ್ಕಕ್ಕಾಗಿ ಒಂದು ಕ್ಲಿಕ್ಕಿಗೆ 15 ರೂಪಾಯಿ ಎಂದಿಟ್ಟುಕೊಳ್ಳೋಣ. ನೂರು ಕ್ಲಿಕ್ಕಿಗೆ 1,500 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿ 1,770 ರೂಪಾಯಿ. ಆ ನೂರರಲ್ಲಿ ಐವರು ಕರೆ ಮಾಡಿ ಇಬ್ಬರು ಕೊಂಡರೆ, ಒಬ್ಬ ಗ್ರಾಹಕರನ್ನು ಪಡೆಯಲು 885 ರೂಪಾಯಿ ಬಿದ್ದಂತಾಯಿತು. ಒಂದು ಲೀಟರ್ ಎಣ್ಣೆ ಮಾರುವವರಿಗೆ ಇದು ಶುದ್ಧ ನಷ್ಟ. ಹಲ್ಲಿನ ಇಂಪ್ಲಾಂಟ್ ಮಾಡುವ ಕ್ಲಿನಿಕ್ಕಿಗೆ, ಮನೆಗೆ ಸೋಲಾರ್ ಹಾಕಿಕೊಡುವವರಿಗೆ, ಬಿಡಿಭಾಗಗಳ ದೊಡ್ಡ ಆರ್ಡರಿಗೆ ಕಾದಿರುವ ಮೆಷಿನ್ ಶಾಪಿಗೆ ಇದು ಅಗ್ಗ. ನಿಮ್ಮ ಸ್ವಂತ ಅಂಕಿಗಳನ್ನು ಇದೇ ಜಾಗಗಳಲ್ಲಿ ಇಟ್ಟು ನೋಡಿ, ಉತ್ತರ ತಾನಾಗಿ ಸಿಗುತ್ತದೆ.

ಹಾಕುವುದೇ ಆದರೆ ಎರಡು ಆಯ್ಕೆಗಳನ್ನು ನೀವೇ ಪರಿಶೀಲಿಸಿ. ಸ್ಥಳದ ಆಯ್ಕೆಯಲ್ಲಿ ‘ಆ ಸ್ಥಳದಲ್ಲಿರುವವರು ಅಥವಾ ಅದರಲ್ಲಿ ಆಸಕ್ತಿಯುಳ್ಳವರು’ ಎಂಬುದು ಮೊದಲೇ ಗುರುತಾಗಿರುತ್ತದೆ. ಅದನ್ನು ‘ಆ ಸ್ಥಳದಲ್ಲಿರುವವರು’ ಎಂದು ಬದಲಿಸದಿದ್ದರೆ, ತುಮಕೂರಿನ ಕ್ಲಿನಿಕ್ಕಿನ ಹಣ ಬೇರೆ ಊರಿನವರ ಕ್ಲಿಕ್ಕುಗಳಿಗೂ ಹೋಗಬಹುದು. ಇನ್ನೊಂದು, ಬೇಡದ ಪದಗಳ ಪಟ್ಟಿ: ‘ಉದ್ಯೋಗ’, ‘ಕೋರ್ಸ್’, ‘ಉಚಿತ’ ಎಂಬ ಪದಗಳಿರುವ ಹುಡುಕಾಟಗಳಿಗೆ ನಿಮ್ಮ ಜಾಹೀರಾತು ಕಾಣದಂತೆ ಮಾಡಬೇಕು.

ಡೈರೆಕ್ಟರಿಗಳು ಮತ್ತು ಸಾಮಾಜಿಕ ಜಾಲತಾಣ

ಜಸ್ಟ್‌ಡಯಲ್, ಇಂಡಿಯಾಮಾರ್ಟ್‌ನಂಥ ತಾಣಗಳಲ್ಲಿ ಉಚಿತ ನೋಂದಣಿ ಮಾಡಿಸಿ, ಹೆಸರು, ವಿಳಾಸ, ಫೋನ್ ಸಂಖ್ಯೆಗಳು ಎಲ್ಲ ಕಡೆಯೂ ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದರಲ್ಲಿ ಲಾಭವಿದೆ. ಹಣ ಕೊಟ್ಟು ಸೇರುವಾಗ ಮಾತ್ರ, ಒಬ್ಬ ಖರೀದಿದಾರರ ವಿಚಾರಣೆ ನಿಮ್ಮಂಥ ಹಲವರಿಗೆ ಹೋಗುತ್ತದೆ ಎಂಬುದು ನೆನಪಿರಬೇಕು. ಬೇಗ ಕರೆ ಮಾಡಿ ಕಡಿಮೆ ದರ ಹೇಳಬಲ್ಲವರಿಗೆ ಅದು ಸರಿ, ಗುಣಮಟ್ಟಕ್ಕೆ ದರ ಕೇಳುವವರಿಗೆ ಕಷ್ಟ. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಪುಟಗಳು ಸೀರೆ, ಕೇಕು, ಒಡವೆಗಳಂತೆ ಕಣ್ಣಿಗೆ ಕಂಡೇ ಮಾರಾಟವಾಗುವ ವಸ್ತುಗಳಿಗೆ ಒದಗುತ್ತವೆ. ಪಂಪ್ ರಿಪೇರಿಯವರನ್ನು ಅಲ್ಲಿ ಯಾರೂ ಹುಡುಕುವುದಿಲ್ಲ.

ಯಾರು ಮಾಡಬೇಕು: ನೀವೇ, ಗೊತ್ತಿದ್ದ ಹುಡುಗರೇ, ಏಜೆನ್ಸಿಯೇ?

ನಕ್ಷೆಯ ಖಾತೆಯನ್ನು ಮಾಲೀಕರೇ ಅಥವಾ ಮನೆಯ ಓದಿದ ಮಕ್ಕಳೇ ಮಾಡುವುದು ಮೇಲು. ಐದಾರು ಪುಟದ ಸೈಟನ್ನು ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಲ್ಲ ಸ್ಥಳೀಯರೊಬ್ಬರಿಂದ ಒಂದು ಸಲದ ಹಣ ಕೊಟ್ಟು ಮಾಡಿಸಬಹುದು. ತಿಂಗಳ ಲೆಕ್ಕದ ಏಜೆನ್ಸಿ ಬೇಕಾಗುವುದು, ಹಲವು ಊರುಗಳಲ್ಲಿ ಶಾಖೆಗಳಿರುವ, ನೂರಾರು ವಸ್ತುಗಳನ್ನು ಆನ್‌ಲೈನ್‌ನಲ್ಲಿ ಮಾರುವ, ಇಲ್ಲವೇ ದೊಡ್ಡ ಮೊತ್ತದ ಜಾಹೀರಾತು ನಡೆಸುವ ವ್ಯಾಪಾರಗಳಿಗೆ.

ಏಜೆನ್ಸಿಗಳಲ್ಲಿ ಒಳ್ಳೆಯವರನ್ನು ಗುರುತಿಸುವುದು ಕಷ್ಟವಲ್ಲ. ಮೊದಲ ಸ್ಥಾನದ ಖಾತ್ರಿ ಕೊಡುವವರನ್ನು ಅಲ್ಲಿಗೇ ಬಿಡಿ. ಅಂಥ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ‘ಇಷ್ಟು ಸಾವಿರ ಬ್ಯಾಕ್‌ಲಿಂಕ್’ ಎಂದು ಎಣಿಸಿ ಮಾರುವವರನ್ನೂ ಬಿಡಿ. ಬೇರೆ ಸೈಟುಗಳಿಂದ ಬರುವ ಕೊಂಡಿಗಳಿಗೆ ಬೆಲೆಯಿರುವುದು ನಿಜ, ಆದರೆ ಕೊಂಡುತಂದ ಕೊಂಡಿಗಳ ವಿರುದ್ಧ ಗೂಗಲ್ 2012ರಿಂದಲೂ ಕ್ರಮ ಬಿಗಿಗೊಳಿಸುತ್ತ ಬಂದಿದೆ. ನೀವು ಸಾಮಾನು ಪೂರೈಸುವ ಕಂಪನಿಯ ಡೀಲರ್ ಪಟ್ಟಿಯಲ್ಲೋ, ವ್ಯಾಪಾರಿ ಸಂಘದ ಸೈಟಿನಲ್ಲೋ ಸಿಗುವ ಒಂದು ಕೊಂಡಿ ಅವೆಲ್ಲಕ್ಕಿಂತ ಮೇಲು. ಮಾತುಕತೆಗೆ ಬಂದವರು ನಿಮ್ಮ ಗ್ರಾಹಕರ ಬಗ್ಗೆ, ಲಾಭದ ಪ್ರಮಾಣದ ಬಗ್ಗೆ, ಯಾವ ಕರೆ ನಿಮಗೆ ಉಪಯೋಗ ಎಂಬುದರ ಬಗ್ಗೆ ಪ್ರಶ್ನೆ ಕೇಳಿದರೆ ಅವರ ಜೊತೆ ಮಾತು ಮುಂದುವರಿಸಬಹುದು.

ಒಪ್ಪಂದದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಡೆತನ, ಮತ್ತು ಇದರಲ್ಲಿ ಯಾವ ಸಡಿಲಿಕೆಯೂ ಕೂಡದು. ಡೊಮೇನ್, ಅಂದರೆ ಸೈಟಿನ ವಿಳಾಸ, ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ಗೆ, ನಿಮ್ಮ ಫೋನಿಗೆ ನೋಂದಣಿಯಾಗಿರಬೇಕು. ನಕ್ಷೆಯ ಖಾತೆಯಲ್ಲಿ ಪ್ರಧಾನ ಮಾಲೀಕರು ನೀವು. ಏಜೆನ್ಸಿಗೆ ಮ್ಯಾನೇಜರ್ ಸ್ಥಾನ ಕೊಟ್ಟರೆ ಅವರ ಕೆಲಸಕ್ಕೆ ಅಷ್ಟು ಸಾಕು, ಬೇಡವೆನಿಸಿದಾಗ ತೆಗೆದುಹಾಕಬಹುದು. ಜಾಹೀರಾತಿನ ಖಾತೆಯೂ ನಿಮ್ಮದೇ ಆಗಿರಲಿ, ಹಣ ನಿಮ್ಮ ಕಾರ್ಡಿನಿಂದಲೇ ನೇರವಾಗಿ ಗೂಗಲ್‌ಗೆ ಹೋಗಲಿ, ಏಜೆನ್ಸಿಯ ಶುಲ್ಕ ಬೇರೆಯಾಗಿರಲಿ. ಹೀಗಿಲ್ಲದಿದ್ದರೆ, ಸಂಬಂಧ ಕೆಟ್ಟ ದಿನ ವರ್ಷಗಳ ರಿವ್ಯೂಗಳೂ ವಿಳಾಸವೂ ಒಟ್ಟಿಗೆ ಕೈತಪ್ಪುತ್ತವೆ, ಮತ್ತು ಅವನ್ನು ಮರಳಿ ಪಡೆಯುವುದು ಬಹಳ ಸುಸ್ತಿನ ಕೆಲಸ.

ಏಜೆನ್ಸಿ ಕೊಡುವ ವರದಿಯನ್ನು ಪಕ್ಕಕ್ಕಿಟ್ಟು ಗೂಗಲ್ ಸರ್ಚ್ ಕನ್ಸೋಲ್ ನೀವೇ ತೆರೆಯುವುದನ್ನು ರೂಢಿಸಿಕೊಳ್ಳಿ. ಅದು ಉಚಿತ, ಯಾವ ಪದಗಳಿಗೆ ನಿಮ್ಮ ಸೈಟು ಎಷ್ಟು ಸಲ ಕಂಡಿತು, ಎಷ್ಟು ಮಂದಿ ಒಳಗೆ ಬಂದರು ಎಂಬ ಹದಿನಾರು ತಿಂಗಳ ಲೆಕ್ಕ ಅದರಲ್ಲಿ ಸಿಗುತ್ತದೆ. ನೋಡುವಾಗ ನಿಮ್ಮ ಅಂಗಡಿಯ ಹೆಸರನ್ನೇ ಹುಡುಕಿ ಬಂದವರನ್ನು ಲೆಕ್ಕದಿಂದ ಬಿಡಿ, ಅವರು ಹೇಗಿದ್ದರೂ ಬರುತ್ತಿದ್ದವರು. ಅಂಗಡಿಯ ಹೆಸರೇ ಗೊತ್ತಿಲ್ಲದೆ ‘ಗಾಣದ ಎಣ್ಣೆ’ ಎಂದು ಹುಡುಕಿ ಬಂದವರ ಸಂಖ್ಯೆ ಆರು ತಿಂಗಳಲ್ಲಿ ಏರಿದೆಯೇ ಎಂದು ನೋಡಿ, ಅದರ ಪಕ್ಕದಲ್ಲಿ ಅದೇ ಆರು ತಿಂಗಳ ಆರ್ಡರ್ ಪುಸ್ತಕವನ್ನು ಇಟ್ಟುಕೊಂಡು, ಒಪ್ಪಂದವನ್ನು ಮುಂದುವರಿಸಬೇಕೇ ಬೇಡವೇ ಎಂದು ನಿರ್ಧರಿಸಿ.